ಮುಳ್ಳು ನೋಡುವ ಕಣ್ಣು

ಮಾರ್ಚ್ 3, ಸೋಮವಾರ

ನಾನು ಈ ಮನೆಯ ಯಜಮಾನಿ. ಮನೆ ಎಂದರೆ ನಡುಮನೆ, ಅಡುಗೆಮನೆ, ಮಲಗುವ ಕೋಣೆಗಳು, ಮತ್ತು ಹಿಂಬಾಗಿಲು ದಾಟಿದರೆ ಸಿಗುವ ಡಬ್ಬಿ ಕಾರ್ಖಾನೆ. ಬಟಾಣಿ, ಹುರುಳಿಕಾಯಿ, ಅಣಬೆ, ಎಳೆಜೋಳ ಅಲ್ಲಿ ಡಬ್ಬಿ ಸೇರುತ್ತವೆ. ಡಬ್ಬಿಗಳು ದೊಡ್ಡ ಕುಕ್ಕರ್ ಸೇರುತ್ತವೆ. ಕುಕ್ಕರಿನ ಮುಂದೆ ಒಂದು ಎತ್ತರದ ಸ್ಟೂಲು ಇದೆ. ಅದರ ಮೇಲೆ ಕೂತು, ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯಿಂದ ಕೆಳಗೆ ಇಳಿಯದಂತೆ ಕೊನೆಯವರೆಗೂ ನೋಡುವುದು ಈ ಮನೆಯ ಯಜಮಾನಿಯ ಕೆಲಸ. ಮೊದಲು ನನ್ನ ಅತ್ತೆ ಕೂರುತ್ತಿದ್ದರು. ಅವರು ಹೋದ ಮೇಲೆ ನಾನು. ಮುಳ್ಳು ಇಳಿಯಲಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ ಮೇಲೆಯೇ ಕುಕ್ಕರಿನ ಬಾಗಿಲು ತೆರೆಯುವುದು. ನನ್ನ ಗಂಡ ಬದುಕಿದ್ದಾಗ ಒಮ್ಮೆಯೂ ಆ ಸ್ಟೂಲಿನ ಮೇಲೆ ಕೂರುವ ಧೈರ್ಯ ಮಾಡಲಿಲ್ಲ.

ಹೈಸ್ಕೂಲು ಮುಗಿಸಿದವಳು ನಾನು. ಅಕ್ಷರ ದುಂಡಗಿದೆ. ಆದರೆ ಮನಸ್ಸಿನಲ್ಲಿರುವುದನ್ನು ಬರೆಯುವ ಚಟ ಎಂದೂ ಇರಲಿಲ್ಲ. ಈಗ ಬರೆಯುತ್ತಿರುವುದು ಬಾಯಲ್ಲಿ ಹೇಳಲಾಗದ ವಿಷಯವಾದ್ದರಿಂದ.

ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿದೆ. ನಿದ್ದೆಯಲ್ಲ, ಆಯಾಸವಲ್ಲ. ಬೆಳಕಿಗೆ ಬಂದರೆ ಸಾಕು, ಯಾರೋ ಒಳಗಿನಿಂದ ದಾರ ಎಳೆದಂತೆ ಎರಡೂ ರೆಪ್ಪೆ ಬಂದು ಕೂಡಿಕೊಳ್ಳುತ್ತವೆ. ತೆರೆಯಬೇಕೆಂದರೆ ತೆರೆಯುವುದಿಲ್ಲ.

ಈ ಕಸುಬಿನಲ್ಲಿ ಕೂದಲು ಬೆಳ್ಳಗಾದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಸರಿಯಾಗಿ ಬೇಯದ ಡಬ್ಬಿಯೊಳಗೆ ಒಂದು ರೋಗಾಣು ಗಾಳಿಯಿಲ್ಲದೆಯೇ ಹುಟ್ಟಿ ಬೆಳೆಯುತ್ತದೆ. ಬೆಳೆಯುತ್ತ ವಿಷ ಉಗುಳುತ್ತದೆ. ಬಹಳ ಸಲ ಡಬ್ಬಿಯ ಮುಚ್ಚಳ ಉಬ್ಬಿ ಗುಟ್ಟು ಹೇಳುತ್ತದೆ, ಕೆಲವು ಸಲ ಅದೂ ಇಲ್ಲ. ತಿಂದವರಿಗೆ ಮೊದಲು ಬೀಳುವುದು ಕಣ್ಣಿನ ರೆಪ್ಪೆ. ಆಮೇಲೆ ದನಿ. ಕೊನೆಗೆ ಉಸಿರು. ಅತ್ತೆ ಇದನ್ನು ನನಗೆ ಮದುವೆಯಾದ ವಾರವೇ ಪಾಠ ಒಪ್ಪಿಸಿದ್ದರು.

ನನ್ನ ರೆಪ್ಪೆ ಬೀಳುತ್ತಿದೆ. ನನ್ನ ಊಟ ಬಡಿಸುವವಳು ಸೊಸೆ. ಉಬ್ಬಿದ ಡಬ್ಬಿಗಳನ್ನು ಎತ್ತಿಡುವವಳೂ ಅವಳೇ.

ಇಷ್ಟು ಸಾಕು ಇವತ್ತಿಗೆ.

ಮಾರ್ಚ್ 6, ಗುರುವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನು ಅವಳ ಕಡೆ ಸರಿಸಿ ಅವಳದನ್ನು ನಾನು ಎಳೆದುಕೊಂಡೆ.

"ನನ್ನದರಲ್ಲಿ ಉಪ್ಪು ಜಾಸ್ತಿ ಹಾಕ್ಕೊಂಡಿದೀನಿ ಅತ್ತೆ," ಎಂದಳು.

"ಇರಲಿ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ಗಾದೆ ಇದೆ, ನೆನಪಿರಲಿ."

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ನನ್ನ ತಟ್ಟೆಯ ಊಟವನ್ನು ಪೂರ್ತಿ ಉಂಡಳು. ನಾಟಕವೂ ಇರಬಹುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ನನ್ನ ಮಗ ತಲೆಯೆತ್ತಲಿಲ್ಲ. ಕಾರ್ಖಾನೆಯವರು ಅವನನ್ನು ಬೆನ್ನ ಹಿಂದೆ 'ಹೌದಮ್ಮ' ಎಂದು ಕರೆಯುತ್ತಾರೆಂದು ನನಗೆ ಗೊತ್ತು. ನನಗೆ ಹೌದಮ್ಮ, ಹೆಂಡತಿಗೆ ಹೌದೌದು. ತರಕಾರಿ ಕೊಳ್ಳುವುದರಲ್ಲಿ ಮಾತ್ರ ಯಾರಿಗೂ ಬಗ್ಗುವುದಿಲ್ಲ.

ಮಾರ್ಚ್ 9, ಭಾನುವಾರ

ಮೂರು ದಿನದಿಂದ ನನ್ನ ಊಟವನ್ನು ನಾನೇ ಮತ್ತೊಮ್ಮೆ ಕುದಿಸಿ ತಿನ್ನುತ್ತಿದ್ದೇನೆ. ಆ ರೋಗಾಣುವಿನ ಬೀಜ ಬರೀ ಕುದಿತಕ್ಕೆ ಸಾಯುವುದಿಲ್ಲ, ಅದಕ್ಕೇ ದೊಡ್ಡ ಕುಕ್ಕರ್ ಬೇಕು. ಆದರೆ ಅದು ಉಗುಳಿದ ವಿಷ ಚೆನ್ನಾಗಿ ಕುದಿಸಿದರೆ ಕೆಟ್ಟುಹೋಗುತ್ತದೆ. ಅನ್ನ ಅಂಟಾಯಿತು, ತರಕಾರಿ ಗಂಜಿಯಾಯಿತು. ಹಲ್ಲಿಲ್ಲದವರ ಊಟ.

ಕುದಿಸಿದರೆ ವಿಷ ಇರಬಾರದು. ಆದರೂ ಕಣ್ಣು ಮುಚ್ಚುತ್ತಲೇ ಇದೆ. ಹಾಗಾದರೆ ನೀರಿನಲ್ಲಿ ಕೊಡುತ್ತಿದ್ದಾಳೆಯೇ? ಬಾವಿಯಿಂದ ನಾನೇ ಸೇದಿಕೊಳ್ಳುತ್ತೇನೆ ನಾಳೆಯಿಂದ.

ಒಂದು ಉಪಾಯ ಸಿಕ್ಕಿದೆ. ಹುಬ್ಬಿನ ತುದಿಗೆ ಬೆರಳು ಒತ್ತಿ ಹಿಡಿದರೆ ರೆಪ್ಪೆ ತೆರೆಯುತ್ತದೆ. ಬೆರಳು ತೆಗೆದರೆ ಮತ್ತೆ ಅದೇ ಹಾಡು. ನೋಡಿದವರು ಯಜಮಾನಿ ಏನೋ ಗಹನವಾಗಿ ಯೋಚಿಸುತ್ತಿದ್ದಾಳೆ ಎಂದುಕೊಳ್ಳಲಿ.

ಮಾರ್ಚ್ 12, ಬುಧವಾರ

ಬೆಳಗ್ಗೆ ಖಾಲಿ ಡಬ್ಬಿ ತರುವ ಲಾರಿಯವನ ಮುಂದೆ ಮಾನ ಹೋಯಿತು. ಎರಡೂ ಕೈಯಲ್ಲಿ ಮುಚ್ಚಳದ ಕಟ್ಟು ಹಿಡಿದಿದ್ದೆ, ಹುಬ್ಬು ಮುಟ್ಟಲು ಕೈ ಇರಲಿಲ್ಲ. ಒಂದು ಕಣ್ಣು ಪಟಪಟ ಹೊಡೆದುಕೊಂಡಿತು. ಆತ ಮೀಸೆ ಸವರಿಕೊಂಡು ಹಿಂದೆ ಸರಿದ.

"ಅಮ್ಮಾ, ನಾನು ಸಂಸಾರಸ್ಥ," ಎಂದ.

"ನನಗೆ ಧೂಳು ಬಿದ್ದಿರೋದು ಕಣ್ಣಿಗೆ, ಬುದ್ಧಿಗಲ್ಲ. ಡಬ್ಬಿ ಇಳಿಸು," ಎಂದೆ.

ಗೋಡೆಯಾಚೆ ಪ್ಯಾಕಿಂಗಿನ ಹೆಂಗಸರು ನಕ್ಕಿದ್ದು ಕೇಳಿಸಿತು.

ಮಧ್ಯಾಹ್ನ ಬಟಾಣಿ ಬ್ಯಾಚು ಕುಕ್ಕರಿಗೆ ಹೋಯಿತು. ಕುಕ್ಕರ್ ಮೇಸ್ತ್ರಿ ಹಬೆ ಬಿಟ್ಟ. ಆತ ನನ್ನ ಅತ್ತೆಯ ಕಾಲದವನು, ಹಬೆಯ ಸದ್ದಿಗೆ ಒಂದು ಕಿವಿ ಕಳೆದುಕೊಂಡವನು. ನಾನು ಸ್ಟೂಲಿನ ಮೇಲೆ ಕೂತೆ. ಮುಳ್ಳು ಗೆರೆ ಮುಟ್ಟಿತು. ನಿಂತಿತು. ಹುಬ್ಬಿಗೆ ಬೆರಳಿಟ್ಟುಕೊಂಡೇ ಇದ್ದೆ. ಇಂದೇಕೋ ಆ ಉಪಾಯವೂ ಅಷ್ಟಾಗಿ ನಡೆಯಲಿಲ್ಲ, ನಡುವೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿತು. ತೆರೆದಾಗ ಮುಳ್ಳು ಅದರ ಜಾಗದಲ್ಲೇ ಇತ್ತು. ಇರಲೇಬೇಕು. ಅದು ಎಲ್ಲಿಗೆ ಹೋಗುತ್ತದೆ?

ಹಿಂದೆ ತಿರುಗಿದರೆ ಸೊಸೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅತ್ತೆ, ಮುಳ್ಳು ನೋಡಿದ್ರಾ?"

"ಇಲ್ಲ, ನಕ್ಷತ್ರ ಎಣಿಸ್ತಾ ಕೂತಿದ್ದೆ. ಏನು ಪ್ರಶ್ನೆ ಅದು?"

"ಏನಿಲ್ಲ. ಸುಮ್ನೆ ಕೇಳ್ದೆ."

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ. ಮುಳ್ಳು ಇಳಿಯಲಿಲ್ಲ ಎಂದು ಹೇಳಿದೆ. ಮೇಸ್ತ್ರಿ ಬಾಗಿಲು ತೆರೆದ.

ಆ ಸ್ಟೂಲಿನ ಮೇಲೆ ಅವಳ ಕಣ್ಣಿದೆ. ನನಗೆ ಈಗ ಸಂದೇಹವಿಲ್ಲ.

ಮಾರ್ಚ್ 14, ಶುಕ್ರವಾರ

ಬಟಾಣಿ ಬ್ಯಾಚು ಇವತ್ತು ಲಾರಿ ಹತ್ತಬೇಕಿತ್ತು. ಆಸ್ಪತ್ರೆಗೆ, ಹಾಸ್ಟೆಲ್ಲಿಗೆ, ಎರಡು ಅಂಗಡಿಗೆ. ಹತ್ತಲಿಲ್ಲ. ಕೇಳಿದರೆ ಸೊಸೆ, "ಲೇಬಲ್ ಬಂದಿಲ್ಲ ಅತ್ತೆ, ಪ್ರೆಸ್ಸಿನವರು ತಡ ಮಾಡಿದಾರೆ," ಎಂದಳು. ಕಣ್ಣು ಮಿಟುಕಿಸದೆ ಹೇಳಿದಳು. ಮಿಟುಕಿಸುವ ಗುತ್ತಿಗೆ ನನ್ನದು ತಾನೇ.

ಲೇಬಲಿನ ಕಟ್ಟನ್ನು ನಿನ್ನೆ ಕಪಾಟಿನಲ್ಲಿ ನಾನೇ ನೋಡಿದ್ದೇನೆ. ಹಸಿರು ಬಣ್ಣ, ಬಟಾಣಿಯ ಚಿತ್ರ. ಬಿಚ್ಚಿಯೂ ಇರಲಿಲ್ಲ.

ಅಂದರೆ ಇದೂ ಒಂದು ಶುರುವಾಗಿದೆ. ಸರಕನ್ನು ಯಾರೂ ಹೋಗದ ಹಳೆಯ ಉಗ್ರಾಣದಲ್ಲಿ ಅಡಗಿಸಿಟ್ಟು ಬೇರೆ ಕಡೆ ಸಾಗಿಸುವ ಹುನ್ನಾರ. ಒಂದು ಕಡೆ ನನ್ನ ಕಣ್ಣು ಮುಚ್ಚಿಸುವುದು, ಇನ್ನೊಂದು ಕಡೆ ಮಾಲು ಖಾಲಿ ಮಾಡುವುದು. ಉಗ್ರಾಣದ ಬಾಗಿಲಿಗೆ ಒಂದು ಎಳೆ ನೂಲು ಕಟ್ಟಿ ಬಂದಿದ್ದೇನೆ. ತೆರೆದರೆ ಹರಿಯುತ್ತದೆ.

ಮಾರ್ಚ್ 17, ಸೋಮವಾರ

ನೂಲು ಹರಿದಿಲ್ಲ. ಅವಳು ಕಿಲಾಡಿ.

ಮಾರ್ಚ್ 19, ಬುಧವಾರ

ನಿನ್ನೆ ಮೆಟ್ಟಿಲಲ್ಲಿ ಎಡವಿದೆ. ಅದೇ ನೆಪವಾಗಿ ಇವತ್ತು ಮಗ ಮತ್ತು ಅವಳು ಇಬ್ಬರೂ ಸೇರಿ ನರದ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನು ತಕರಾರಿಲ್ಲದೆ ಹೊರಟಿದ್ದು ನೋಡಿ ಮಗನಿಗೆ ಆಶ್ಚರ್ಯ. ನನಗೆ ನನ್ನ ಲೆಕ್ಕ ಇತ್ತು. ಆಗಲಿ, ಡಾಕ್ಟರ ಮುಂದೆಯೇ ಇತ್ಯರ್ಥವಾಗಲಿ.

ಡಾಕ್ಟರು ಹೆಂಗಸು. ಸೊಸೆಯಷ್ಟೇ ವಯಸ್ಸು. ಕಿಟಕಿಯ ಕಡೆ ನೋಡಿ ಎಂದರು, ನಡೆಯಿರಿ ಎಂದರು, ಕಣ್ಣು ಬಿಗಿಯಾಗಿ ಮುಚ್ಚಿ ಬಿಡಿ ಎಂದರು. ಆಮೇಲೆ, "ಮುಖದ ಮೇಲೆ ಎಲ್ಲಾದ್ರೂ ಮುಟ್ಟಿಕೊಂಡ್ರೆ ಕಣ್ಣು ತೆರೆಯುತ್ತಾ?" ಎಂದು ಕೇಳಿದರು.

ಹುಬ್ಬಿನತ್ತ ಹೊರಟಿದ್ದ ಬೆರಳನ್ನು ನಾನು ಕೆಳಗಿಳಿಸಿದೆ. "ಇದನ್ನ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲಮ್ಮ. ಈ ಕಾಯಿಲೆ ಬಂದ ಎಷ್ಟೋ ಜನ ಹೀಗೊಂದು ಉಪಾಯ ಕಂಡುಕೊಂಡಿರ್ತಾರೆ. ಕೆಲವರು ಗುನುಗ್ತಾರೆ, ಕೆಲವರು ಕೆನ್ನೆ ಒತ್ತಿಕೊಳ್ತಾರೆ."

ಆಗ ನಾನು ಹೇಳಬೇಕಾದ್ದನ್ನು ಹೇಳಿದೆ. ಇಬ್ಬರೂ ನನ್ನ ಎರಡು ಪಕ್ಕದಲ್ಲಿ ಕೂತಿದ್ದಾಗಲೇ ಹೇಳಿದೆ. "ನನ್ನ ರಕ್ತ ತೆಗೆದು ನೋಡಿ. ಡಬ್ಬಿ ಆಹಾರದ ವಿಷ ಇದೆಯಾ ಅಂತ."

ಮಗ "ಅಮ್ಮ" ಎಂದ. ಮೊದಲ ಸಲ ಅವನ ಬಾಯಲ್ಲಿ ಹೌದು ಬರಲಿಲ್ಲ. ಸೊಸೆಯ ಕೈ ಅವಳ ಮಡಿಲಲ್ಲೇ ಇತ್ತು, ಬೆರಳುಗಳು ಮಾತ್ರ ಮಡಚಿಕೊಂಡವು.

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಆ ವಿಷ ಏರಿದವರ ರೆಪ್ಪೆಗೆ ಶಕ್ತಿ ಇರಲ್ಲಮ್ಮ. ಒದ್ದೆ ಬಟ್ಟೆ ಹಾಗೆ ಜೋತು ಬೀಳುತ್ತೆ. ನಿಮ್ಮದು ಬಿಗಿದು ಮುಚ್ತಾ ಇದೆ. ಕಣ್ಣು ಮುಚ್ಚು ಅನ್ನೋ ಅಪ್ಪಣೆ ಮಿದುಳಿಂದ ಬೇಡದಿದ್ರೂ ಬರ್ತಿದೆ, ಸ್ನಾಯು ಪಾಲಿಸ್ತಿದೆ. ಅದಕ್ಕೂ ಇದಕ್ಕೂ ಪೂರ್ತಿ ಉಲ್ಟಾ. ನಿಮಗೆ ಯಾರೂ ಏನೂ ಹಾಕಿಲ್ಲ."

"ಹಾಗಾದ್ರೆ ಮದ್ದು?"

"ಮದ್ದು, ನೀವು ಈಗ ಹೇಳಿದ್ರಲ್ಲ, ಆ ವಿಷಾನೇ. ಬಹಳ ಬಹಳ ಸಣ್ಣ ಅಳತೆಯಲ್ಲಿ, ಕಣ್ಣಿನ ಸುತ್ತ ಸೂಜೀಲಿ ಕೊಡ್ತೀವಿ."

ನಾನು ಎದ್ದೆ. ಹುಬ್ಬಿಗೆ ಬೆರಳೊತ್ತಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಆಚೆ ಬಂದೆ.

ಇಡೀ ಜನ್ಮ ಯಾವುದನ್ನು ಡಬ್ಬಿಯೊಳಗೆ ಹುಟ್ಟದಂತೆ ಕಾದೆನೋ ಅದನ್ನು ನನ್ನ ಕಣ್ಣಿಗೆ ಚುಚ್ಚುತ್ತಾರಂತೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಕಾವಲು ಕೂರಿಸಿದ ಹಾಗೆ.

ದಾರಿಯಲ್ಲಿ ಮಗ, "ವಿಷಕ್ಕೆ ವಿಷವೇ ಮದ್ದು ಅಂತಾರಲ್ಲಮ್ಮ," ಎಂದ.

"ಗಾದೆ ಹೇಳೋನಿಗೆ ಮೊದಲು ಚುಚ್ಚಿಸು," ಎಂದೆ. "ನನಗೆ ವಿಷ ಏರಿಲ್ಲ ಅಂತ ಈಗಷ್ಟೇ ಹೇಳಿದಾರೆ."

ಬಹಳ ಹೊತ್ತಾದ ಮೇಲೆ ಸೊಸೆ ಕಿಟಕಿಯಾಚೆ ನೋಡುತ್ತ ಕೇಳಿದಳು. "ಅದಕ್ಕಾ ಅತ್ತೆ, ತಟ್ಟೆ ಬದಲಾಯಿಸಿದ್ದು?"

ಅವಳು ಅಳಲಿಲ್ಲ. ಅಳದ ಹೆಂಗಸನ್ನು ನಂಬಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದರು.

ಮಾರ್ಚ್ 20, ಗುರುವಾರ

ಊಟ ಮೇಜಿನ ಮೇಲೆ ಇಟ್ಟಿತ್ತು. ಪಕ್ಕದಲ್ಲಿ ಅವಳದೂ ಇತ್ತು, ಎರಡು ತಟ್ಟೆಗೂ ಅಷ್ಟಷ್ಟೇ ಬಡಿಸಿ. ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಬಿಟ್ಟು ಹೋಗಿದ್ದಳು. ಅಹಂಕಾರ ಕಡಿಮೆಯಿಲ್ಲ.

ನನಗೆ ಹತ್ತಿರದ್ದನ್ನು ತಿಂದೆ. ಕುದಿಸಲಿಲ್ಲ. ಒಲೆಯ ಮುಂದೆ ನಿಲ್ಲಲು ಬೇಸರವಾಯಿತು, ಅಷ್ಟೇ.

ಮಾರ್ಚ್ 26, ಬುಧವಾರ

ಇವತ್ತಿನದನ್ನು ಬರೆದಿಡಲೇಬೇಕು.

ಪ್ರತಿ ಬ್ಯಾಚಿನಿಂದ ಕೆಲವು ಡಬ್ಬಿಗಳನ್ನು ಆರಿಸಿ ಬೆಚ್ಚನೆ ಕೋಣೆಯಲ್ಲಿಟ್ಟು ಕಾಯುವುದು ನಮ್ಮ ಪದ್ಧತಿ. ಸರಿಯಾಗಿ ಬೆಂದಿಲ್ಲದಿದ್ದರೆ ಆ ಶೆಕೆಗೆ ಒಳಗಿನದು ಬೆಳೆದು ಮುಚ್ಚಳ ಉಬ್ಬುತ್ತದೆ. ಸೊಸೆ ಕಾಲೇಜು ಕಲಿತವಳು, ಮೊದಲು ಬಂದಾಗಲೇ ಆ ಕೋಣೆಯ ಕೆಲಸ ಹಿಡಿದಳು. ಇವತ್ತು ಅವಳು ಅಲ್ಲಿ ಇಲ್ಲದಾಗ ನಾನು ಹೋದೆ. ಏನೋ ಸಿಗುತ್ತದೆ ಎಂದೇ ಹೋದೆ.

ಕಣ್ಣು ಮುಚ್ಚಿಕೊಂಡಿತ್ತು. ಬೆರಳಿನಿಂದ ಸಾಲಾಗಿ ಮುಚ್ಚಳ ಸವರುತ್ತ ಬಂದೆ. ತಗ್ಗು, ತಗ್ಗು, ತಗ್ಗು. ಆಮೇಲೆ ಒಂದು ಉಬ್ಬು. ಅದರ ಪಕ್ಕದ್ದೂ ಉಬ್ಬು. ಆ ಸಾಲೆಲ್ಲ ಉಬ್ಬಿತ್ತು. ಹುಬ್ಬೊತ್ತಿ ಕಣ್ಣು ತೆರೆದು ಮುಚ್ಚಳದ ಮೇಲೆ ಒತ್ತಿದ ತಾರೀಖು ನೋಡಿದೆ. ಮಾರ್ಚ್ 12. ಬಟಾಣಿ.

ಮೊದಲು ಬಂದ ಯೋಚನೆ ಇದೇ: ಬದಲಾಯಿಸಿಟ್ಟಿದ್ದಾಳೆ. ನನ್ನ ಬ್ಯಾಚು ಕೆಟ್ಟಿದೆ ಎಂದು ತೋರಿಸಿ ನನ್ನನ್ನು ಸ್ಟೂಲಿನಿಂದ ಇಳಿಸಲು.

ಮೇಸ್ತ್ರಿಯನ್ನು ಕರೆದು ಕೇಳಿದೆ. ಅವನ ಒಳ್ಳೆಯ ಕಿವಿಯ ಕಡೆ ನಿಂತು ಕೇಳಿದೆ. "ಈ ಡಬ್ಬಿ ಬದಲಾಯಿಸಿದ್ದು ಯಾರು?"

ಅವನು ಕತ್ತು ತುರಿಸಿಕೊಂಡ. "ಯಾರು ಬದಲಾಯಿಸ್ತಾರಮ್ಮ. ಅವತ್ತು ನಡುವೆ ಹಬೆ ಕಡಿಮೆ ಆಗಿತ್ತು. ಸದ್ದಲ್ಲೇ ಗೊತ್ತಾಯ್ತು. ನಾನು ಒಲೆ ಕಡೆ ಹೋಗಿ ಸರಿ ಮಾಡೋ ಅಷ್ಟೊತ್ತಿಗೆ ಮತ್ತೆ ಏರ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋದೇನು? ನೀವು ಮುಳ್ಳಿನ ಮುಂದೆಯೇ ಕೂತಿದ್ರಿ. ಇಳಿದಿದ್ರೆ ಅಮ್ಮಾವರು ಸುಮ್ನಿರ್ತಾರಾ, ಇಳಿದಿರಲ್ಲ ಬಿಡು ಅಂದ್ಕೊಂಡೆ. ನಿಮ್ಮ ಕಣ್ಣಿನ ಮುಂದೆ ನನ್ನ ಕಿವಿ ಏನು ಮಹಾ."

ಆಗ ನೆನಪಾದದ್ದು ಸ್ಟೂಲಲ್ಲ. ಆಸ್ಪತ್ರೆ. ಹಾಸ್ಟೆಲ್ಲು. ಆ ಡಬ್ಬಿ ತೆರೆದು ಯಾರ ಮುಂದೆ ಬಡಿಸುತ್ತಿದ್ದಾರೋ. ಎಷ್ಟು ಜನರ ರೆಪ್ಪೆ. ಎಷ್ಟು ಜನರ ಉಸಿರು.

ಗೋಡೆ ಹಿಡಿದುಕೊಂಡು ಉಗ್ರಾಣಕ್ಕೆ ಓಡಿದೆ. ನಾನು ಓಡಿದ್ದನ್ನು ಯಾರೂ ಎಂದೂ ನೋಡಿಲ್ಲ. ನಾನು ಕಟ್ಟಿದ್ದ ನೂಲು ಹಾಗೇ ಇತ್ತು, ನಾನೇ ಹರಿದು ಒಳಗೆ ಹೋದೆ. ಮೂಲೆಯಲ್ಲಿ ಟಾರ್ಪಾಲು. ಎಳೆದೆ. ಬಟಾಣಿ ಬ್ಯಾಚು ಪೆಟ್ಟಿಗೆ ಪೆಟ್ಟಿಗೆಯಾಗಿ ಅಲ್ಲೇ ಕೂತಿತ್ತು. ಒಂದೂ ಹೋಗಿರಲಿಲ್ಲ.

ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಸೊಸೆ ಓಡಿ ಬಂದಳು. ಮೇಸ್ತ್ರಿ ಹೇಳಿರಬೇಕು.

"ಲೇಬಲ್ ಬಂದಿತ್ತು," ಎಂದೆ.

"ಬಂದಿತ್ತು ಅತ್ತೆ. ಸುಳ್ಳು ಹೇಳ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಕೇಳಿದೆನಲ್ಲ. ಮುಳ್ಳು ನೋಡಿದ್ರಾ ಅಂತ. ನಕ್ಷತ್ರ ಎಣಿಸ್ತಿದ್ದೆ ಅಂದ್ರಿ." ಅವಳ ದನಿಯಲ್ಲಿ ನಗು ಇರಲಿಲ್ಲ. "ಮುಳ್ಳಿನ ಮೇಲಿನ ಗಾಜಲ್ಲಿ ನಿಮ್ಮ ಮುಖ ಕಾಣ್ತಿತ್ತು. ಕಣ್ಣು ಮುಚ್ಚಿತ್ತು. ನಾನು ಬರೋಕೆ ಮುಂಚೆ ಎಷ್ಟು ಹೊತ್ತು ಮುಚ್ಚಿತ್ತೋ ಗೊತ್ತಿಲ್ಲ. ಮುಳ್ಳು ಇಳಿದಿತ್ತೋ ಇಲ್ವೋ ನನಗೂ ಗೊತ್ತಿಲ್ಲ. ಬೆಚ್ಚನೆ ಕೋಣೆ ಏನು ಹೇಳುತ್ತೆ ನೋಡೋಣ ಅಂತ ಕಾದೆ."

"ನನ್ನ ಮಾತು ನಂಬಲಿಲ್ಲ ಅಂತಾಯ್ತು."

"ಮಾತು ನಂಬಿದೆ ಅತ್ತೆ. ಕಣ್ಣು ನಂಬಲಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳನ್ನು ತವರಿಗೆ ಕಳಿಸುತ್ತಿದ್ದೆ.

ಮಾರ್ಚ್ 27, ಗುರುವಾರ

ಹಿತ್ತಲಿನಾಚೆ ಗುಂಡಿ ತೋಡಿಸಿದೆ. ಒಂದು ಡಬ್ಬಿಯನ್ನೂ ತೆರೆಯದೆ ಅಷ್ಟನ್ನೂ ಇಳಿಸಿದರು. ಸುಣ್ಣ. ಮಣ್ಣು. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಪ್ಯಾಕಿಂಗಿನ ಹೆಂಗಸರು ಇವತ್ತು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಕುಕ್ಕರ್ ಹಚ್ಚಬೇಡಿ ಎಂದಿದ್ದೇನೆ. ಯಾವಾಗ ಹಚ್ಚುವುದು ಎಂದು ಯಾರೂ ಕೇಳಲಿಲ್ಲ.

ಮಾರ್ಚ್ 30, ಭಾನುವಾರ

ಒಂದು ವಿಷಯ ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ. ಆ ದಿನವೇ ಎಲ್ಲರ ಮುಂದೆ, ಯಜಮಾನಿಗೆ ಕಣ್ಣು ಕಾಣುವುದಿಲ್ಲ ಎಂದು ಕೂಗಿದ್ದರೆ ಸ್ಟೂಲು ಅವಳದಾಗುತ್ತಿತ್ತು. ಕೂಗಲಿಲ್ಲ. ಸುಳ್ಳಿನ ಹೊರೆ ಹೊತ್ತು ಲಾರಿಯವನ ಹತ್ತಿರ, ಅಂಗಡಿಯವರ ಹತ್ತಿರ ಬೈಸಿಕೊಂಡಳು. ನನ್ನ ಹತ್ತಿರವೂ.

ಇದರಿಂದ ಅವಳಿಗೇನು ಲಾಭ? ಲಾಭವಿಲ್ಲದೆ ಒಳ್ಳೆಯವರಾಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಇದರ ಬುಡ ಸಿಕ್ಕೇ ಸಿಗುತ್ತದೆ.

ಇವತ್ತು ತರಕಾರಿ ಹೆಚ್ಚುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ನಾನೂ ಹೆಚ್ಚಿದೆ. ಕಣ್ಣು ಮುಚ್ಚಿಕೊಂಡಾಗಲೆಲ್ಲ ಅವಳು ತನ್ನ ಚಾಕುವನ್ನೂ ನಿಲ್ಲಿಸುತ್ತಿದ್ದಳು, ನನ್ನ ಬೆರಳಿಗೆ ಹೆದರಿ. ಅದನ್ನೂ ಗಮನಿಸಿದೆ.

ಏಪ್ರಿಲ್ 2, ಬುಧವಾರ

ಯಾರಿಗೂ ಹೇಳದೆ ಬಸ್ಸು ಹತ್ತಿ ಡಾಕ್ಟರ ಬಳಿ ಹೋದೆ. ಒಂದು ಕೈ ಹುಬ್ಬಿಗೆ, ಒಂದು ಕೈ ಕಂಬಿಗೆ. ಪಕ್ಕದವನು ತಲೆನೋವೇ ಎಂದು ಕೇಳಿದ. ಹೌದು, ದೊಡ್ಡ ತಲೆನೋವು ಎಂದೆ.

ಡಾಕ್ಟರು ನನ್ನನ್ನು ನೋಡಿ, "ಬೈಯೋಕೆ ಬಂದ್ರಾ?" ಎಂದರು.

"ಕೇಳೋಕೆ ಬಂದೆ. ಡಬ್ಬಿ ಕಾರ್ಖಾನೆ ನಂದು. ಆ ವಿಷ ಏನು ಮಾಡುತ್ತೆ ಅಂತ ಗೊತ್ತು. ಹೇಗೆ ಮಾಡುತ್ತೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಮನೆ ಒಳಗೆ ಬಿಡೋಳಲ್ಲ."

ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ. ಆ ವಿಷ ಒಂದು ಪ್ರೋಟೀನು. ಬೇಳೆಯಲ್ಲಿ, ಬಟಾಣಿಯಲ್ಲಿ ಇರುತ್ತದಲ್ಲ, ಅದೇ ಜಾತಿ, ಕೆಟ್ಟ ಹುಟ್ಟು. ಅದಕ್ಕೆ ಎರಡು ಭಾಗ. ಒಂದು ಭಾಗಕ್ಕೆ ನರದ ತುದಿಯ ಗುರುತು ಗೊತ್ತು. ಹೋಗಿ ಬಾಗಿಲು ತಟ್ಟುತ್ತದೆ, ನರ ಅದನ್ನು ನಮ್ಮವನೇ ಎಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಇನ್ನೊಂದು ಭಾಗ ಬಿಡಿಸಿಕೊಂಡು ಕತ್ತರಿ ಹಿಡಿಯುತ್ತದೆ. ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಸ್ನಾಯುವಿಗೆ ಬಿಗಿ ಎಂದು ಹೇಳುವ ರಸ ಅವುಗಳಲ್ಲಿದೆ. ಚೀಲವನ್ನು ಗೋಡೆಗೆ ಕಟ್ಟಿ ಬಾಯಿ ಬಿಚ್ಚಿಸುವ ದಾರವೂ ಒಂದು ಪ್ರೋಟೀನೇ. ಆ ದಾರವನ್ನು ಕತ್ತರಿ ಕತ್ತರಿಸುತ್ತದೆ. ಚೀಲ ಇದೆ, ರಸ ಇದೆ, ಆದರೆ ಆಚೆ ಬರುವುದಿಲ್ಲ. ನರ ಸಾಯುವುದಿಲ್ಲ, ಬಾಯಿ ಕಟ್ಟಿಹೋಗುತ್ತದೆ.

"ಮೈ ತುಂಬ ಆದ್ರೆ ಉಸಿರಾಡೋ ಸ್ನಾಯುವಿನ ಬಾಯೂ ಕಟ್ಟುತ್ತೆ. ಅದೇ ನಿಮ್ಮ ಉಬ್ಬಿದ ಡಬ್ಬಿ," ಎಂದರು. "ಕಣ್ಣಿನ ಸುತ್ತ ಮಾತ್ರ, ಚೂರೇ ಚೂರು ಆದ್ರೆ, ಅತಿಯಾಗಿ ಅಪ್ಪಣೆ ಕೊಡೋ ನರ ಅಷ್ಟೇ ಸುಮ್ಮನಾಗುತ್ತೆ. ಮೂರು ತಿಂಗಳ ಹೊತ್ತಿಗೆ ನರ ತನ್ನ ದಾರ ತಾನೇ ಮತ್ತೆ ಹೊಸೆದುಕೊಳ್ಳುತ್ತೆ. ಆಗ ಮತ್ತೆ ಚುಚ್ಚಬೇಕು. ಇದು ವಾಸಿ ಮಾಡೋ ಮದ್ದಲ್ಲ, ಸಂಭಾಳಿಸೋ ಮದ್ದು."

ಇದೊಂದೇ ಅಲ್ಲವಂತೆ. ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಆ ರೋಗಾಣುವಿನ ವಿಷವೂ ಹೀಗೆಯೇ ಎರಡು ಭಾಗದ್ದು. ಅದು ಒಳಹೊಕ್ಕರೆ ಜೀವಕೋಶ ತನಗೆ ಬೇಕಾದ ಪ್ರೋಟೀನು ಮಾಡಿಕೊಳ್ಳಲಾರದೆ ಸಾಯುತ್ತದೆ. ಅದರ ಬಾಗಿಲು ತಟ್ಟುವ ಭಾಗವನ್ನು ತೆಗೆದು ಬೇರೆ ಜೋಡಿಸಿ, ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಬಾಗಿಲನ್ನೇ ಹುಡುಕಿ ತಟ್ಟುವಂತೆ ಮಾಡಿದ್ದಾರಂತೆ.

"ಅಂದ್ರೆ ವಿಳಾಸ ಬದಲಾಯಿಸ್ತೀರಿ," ಎಂದೆ.

"ಅಷ್ಟೇ. ಕೈಯಲ್ಲಿರೋ ಕತ್ತರಿ ಅದೇ."

ನಾನು ಕೇಳದೆಯೇ ಇನ್ನೊಂದು ಹೇಳಿದರು. ಕೆಲವರಿಗೆ ಸೂಜಿಯ ಮೇಲೆ ರೆಪ್ಪೆ ಕೆಲವು ವಾರ ಜೋತು ಬೀಳಬಹುದು, ಕಣ್ಣು ಒಣಗಬಹುದು. ನುಂಗಲು, ಉಸಿರಾಡಲು ಕಷ್ಟವಾಗುವುದು ಬಲು ಅಪರೂಪ, ಹಾಗೇನಾದರೂ ಆದರೆ ತಕ್ಷಣ ಬರಬೇಕು. ಕೆಟ್ಟದ್ದನ್ನು ಕೇಳದೆಯೇ ಹೇಳುವ ಮಾರಾಟಗಾರರನ್ನು ನಾನು ನೋಡಿಲ್ಲ. ಹಾಗಾಗಿ ಈಕೆ ಮಾರುತ್ತಿಲ್ಲ.

ಕೊನೆಗೆ ನನ್ನ ಕಸುಬಿನ ಪ್ರಶ್ನೆ ಕೇಳಿದೆ. "ಅಳತೆ ನೋಡೋರು ಯಾರು?"

"ನಾನು ಬೆರೆಸ್ತೀನಿ, ನರ್ಸ್ ನೋಡ್ತಾರೆ. ಅವರು ಜೋರಾಗಿ ಓದ್ತಾರೆ, ನಾನು ಮತ್ತೆ ನೋಡ್ತೀನಿ. ಇಂಥದ್ದನ್ನ ಒಬ್ಬರೇ ನೋಡಿದ್ರೆ ನೋಡಿದ ಹಾಗಲ್ಲ ನಮ್ಮಲ್ಲಿ."

"ನೀವು ಅಷ್ಟು ಓದಿದೋರು. ನಿಮ್ಮ ಮೇಲೇ ನಿಮಗೆ ನಂಬಿಕೆ ಇಲ್ವಾ?"

"ಇದೆ. ಆದ್ರೂ ನನಗೂ ಕಣ್ಣು ಮಿಟುಕುತ್ತಲ್ಲಮ್ಮ."

ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಯೇ ಇತ್ತು, ನಾನೂ ತೆರೆಯಲು ಹೋಗಲಿಲ್ಲ.

ಏಪ್ರಿಲ್ 4, ಶುಕ್ರವಾರ

ಸೊಸೆಯನ್ನು ಕರೆದುಕೊಂಡು ಹೋದೆ. ಮಗ ನಾನೂ ಬರಲೇ ಎಂದ. ಬೇಡ, ನೀನು ಸೂಜಿ ನೋಡಿ ಬೀಳುತ್ತೀಯ, ಇಬ್ಬರನ್ನು ಎತ್ತಿಕೊಂಡು ಬರಲು ಅವಳಿಗಾಗುವುದಿಲ್ಲ ಎಂದೆ. ಹೌದಮ್ಮ ಎಂದ.

ಡಾಕ್ಟರು ಪುಟ್ಟ ಸೀಸೆಯನ್ನು ನನ್ನ ಕೈಗೆ ಕೊಟ್ಟರು. ಅಭ್ಯಾಸಬಲ, ಮುಚ್ಚಳ ಸವರಿ ನೋಡಿದೆ. ಉಬ್ಬಿರಲಿಲ್ಲ. ನರ್ಸಮ್ಮ ನಕ್ಕರು. ಮೇಲಿನ ಬರಹ ಓದೋಣವೆಂದರೆ ಅಲ್ಲಿಯ ದೀಪಕ್ಕೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಹುಬ್ಬೊತ್ತಿದರೂ ತೆರೆಯಲಿಲ್ಲ.

"ನೀನು ಓದು," ಎಂದು ಸೀಸೆಯನ್ನು ಸೊಸೆಗೆ ಕೊಟ್ಟೆ.

ಅವಳು ತೆಗೆದುಕೊಳ್ಳಲಿಲ್ಲ. "ನಾನಾ ಅತ್ತೆ?"

"ಇಲ್ಲಿ ಇನ್ಯಾರಿದಾರೆ ನಮ್ಮೋರು? ತಾರೀಖು ನೋಡು. ಅಳತೆ ಸೂಜಿಗೆ ಏರಿಸ್ತಾರಲ್ಲ, ಅದನ್ನೂ ನಿಂತು ನೋಡು. ನೀನು ಸರಿ ಇದೆ ಅಂದ ಮೇಲೆ ಚುಚ್ಚಲಿ."

ಅವಳು ಸೀಸೆ ತೆಗೆದುಕೊಂಡು ತಾರೀಖು ಓದಿದಳು. ನರ್ಸಮ್ಮ ಅಳತೆ ಓದಿದರು. ಡಾಕ್ಟರು ಮತ್ತೆ ಓದಿದರು. ಸೊಸೆಯ ದನಿ ಮೂಗಿನಿಂದ ಬರುತ್ತಿತ್ತು. ನೆಗಡಿಯಿರಬೇಕು.

"ಸರಿ ಇದೆ ಅತ್ತೆ," ಎಂದಳು.

ಇರುವೆ ಕಚ್ಚಿದಷ್ಟು ನೋವು, ಕಣ್ಣಿನ ಸುತ್ತ ಅಲ್ಲಲ್ಲಿ. ಅಷ್ಟೇ.

ಏಪ್ರಿಲ್ 8, ಮಂಗಳವಾರ

ಬೆಳಗ್ಗೆ ಹಿಂಬಾಗಿಲು ತೆರೆದೆ. ಬಿಸಿಲು ಮುಖಕ್ಕೆ ಬಿತ್ತು. ಕಣ್ಣು ತೆರೆದೇ ಇತ್ತು. ಬೆರಳು ಹುಬ್ಬಿನವರೆಗೆ ಹೋಗಿ, ಕೆಲಸವಿಲ್ಲದೆ ವಾಪಸು ಬಂತು.

ಎಡ ರೆಪ್ಪೆ ಒಂದಿಷ್ಟು ಜೋತಿದೆ. ಕನ್ನಡಿಯಲ್ಲಿ ನೋಡಿದರೆ ಸದಾ ಯಾರನ್ನೋ ಸಂಶಯಪಡುತ್ತಿರುವ ಮುಖ. ಮೊದಲಿಗಿಂತ ಏನು ವ್ಯತ್ಯಾಸ ಎಂದು ಮಗ ಕೇಳಿದ. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಹಾಸ್ಯ ಮಾಡಿದ.

ಮಧ್ಯಾಹ್ನದ ಊಟದಲ್ಲಿ ಉಪ್ಪು ಸರಿಯಿತ್ತು. ಅವಳ ತಟ್ಟೆಯಲ್ಲಿ ಹೇಗಿತ್ತೋ ನನಗೆ ಗೊತ್ತಿಲ್ಲ.

ಸಂಜೆ ಬಡಗಿಯನ್ನು ಕರೆಸಿದೆ.

ಏಪ್ರಿಲ್ 14, ಸೋಮವಾರ

ಇವತ್ತು ಕುಕ್ಕರ್ ಹಚ್ಚಿಸಿದೆ. ಹಚ್ಚುವ ಮೊದಲು ಎಲ್ಲರನ್ನೂ ನಿಲ್ಲಿಸಿ, ಮಣ್ಣು ಸೇರಿದ ಬಟಾಣಿ ಬ್ಯಾಚಿನಲ್ಲಿ ಮೇಸ್ತ್ರಿಯ ತಪ್ಪಿಲ್ಲ, ಮುಳ್ಳು ಇಳಿದದ್ದನ್ನು ನಾನು ನೋಡಲಿಲ್ಲ, ಲಾರಿ ಹತ್ತದಂತೆ ತಡೆದವಳು ನನ್ನ ಸೊಸೆ ಎಂದು ಹೇಳಿದೆ. ಇನ್ನು ಮುಂದೆ ಒಂದೇ ಬಾಯಿಯ ಮಾತಿಗೆ ಈ ಬಾಗಿಲು ತೆರೆಯುವುದಿಲ್ಲ, ಇಬ್ಬರು ಕೂರುತ್ತಾರೆ, ಇಬ್ಬರೂ ಹೇಳಬೇಕು ಎಂದೆ. ಹಬೆಯ ಸದ್ದು ಬದಲಾದರೆ ಮೇಸ್ತ್ರಿಯೂ ಬಾಯಿಬಿಡಬೇಕು, ಯಾರು ಕೂತಿದ್ದರೂ ಸರಿ ಎಂದೆ. ಅವನು ಕೇಳಿಸಲಿಲ್ಲ ಎಂದ. ಇನ್ನೊಮ್ಮೆ ಹೇಳಿಸಿಕೊಳ್ಳುವ ಆಸೆ, ಕಳ್ಳ.

ಬಡಗಿ ಮಾಡಿದ ಹೊಸ ಸ್ಟೂಲನ್ನು ತಂದಿಟ್ಟರು. ಎತ್ತರ ಎಷ್ಟಿರಲಿ ಎಂದು ಅವನು ಕೇಳಿದಾಗ ನನ್ನದಕ್ಕಿಂತ ಒಂದು ಗೇಣು ಕಡಿಮೆ ಎಂದಿದ್ದೆ. ಮನೆಯಲ್ಲಿ ದೊಡ್ಡವರು ಚಿಕ್ಕವರು ಎಂಬುದು ಇರಬೇಕಲ್ಲ.

ಸೊಸೆ ಅದರ ಮೇಲೆ ಕೂತಳು. ನಾನು ನನ್ನದರ ಮೇಲೆ. ಮುಳ್ಳು ಏರತೊಡಗಿತು.

"ಮುಳ್ಳು ನೋಡ್ತಿದೀಯಾ?" ಎಂದೆ.

"ಇಲ್ಲ ಅತ್ತೆ, ನಕ್ಷತ್ರ ಎಣಿಸ್ತಿದೀನಿ," ಎಂದಳು.

ಪ್ಯಾಕಿಂಗಿನ ಹೆಂಗಸರು ನಕ್ಕರು. ನಗಲಿ. ಆದರೆ ನಾನು ತಿರುಗಿ ನೋಡಿದಾಗ ಅವಳು ಕತ್ತು ಚಾಚಿ, ತುದಿಗಾಲಲ್ಲಿ ಅರ್ಧ ಎದ್ದುಕೊಂಡಿದ್ದಳು. ಕುಕ್ಕರಿನ ಅಂಚು ಅಡ್ಡ ಬಂದು ಅವಳಿಗೆ ಕೆಂಪು ಗೆರೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಈ ಮನೆಗೆ ತಕ್ಕವಳೇ.

ಮುಳ್ಳು ಗೆರೆ ಮುಟ್ಟುವ ಮೊದಲೇ ಎದ್ದು, ನನ್ನ ಸ್ಟೂಲನ್ನು ಅವಳ ಕಡೆ ತಳ್ಳಿ, ಗಿಡ್ಡದನ್ನು ಎಳೆದುಕೊಂಡು ಕೂತೆ. ಅಲ್ಲಿಂದಲೂ ನನಗೆ ಚೆನ್ನಾಗಿ ಕಾಣುತ್ತದೆ. ನಾನು ಅವಳಿಗಿಂತ ಎತ್ತರ.